ಗುಂಡನ ಬಿಡದ ಜ್ವರ

ಆ ಪ್ರಾಣಿಗಳ ಆಸ್ಪತ್ರೆಯಲ್ಲಿ ಮಾವ, ಸೊಸೆ ಇಬ್ಬರೂ ಡಾಕ್ಟರು. ಸೊಸೆ ಎಷ್ಟೇ ಓದಿಕೊಂಡು ಬಂದಿದ್ದರೂ ಮಾವನ ಪಾಲಿಗೆ ಅವಳಿನ್ನೂ ಥರ್ಮಾಮೀಟರ್ ಹಿಡಿಯುವವಳು. ಮಾವ ಕೆಟ್ಟವರೇನಲ್ಲ. ಆದರೆ ಹಟಕ್ಕೆ ಬಿದ್ದರೆ ಜಪ್ಪಯ್ಯ ಅಂದರೂ ಜಗ್ಗುವವರಲ್ಲ.

ಗುಂಡನ ಜ್ವರ ಅಂಥ ಹಟಮಾರಿಯನ್ನೂ ಸುಸ್ತು ಮಾಡಿತ್ತು. ಗುಂಡ ಪಕ್ಕದ ಬೀದಿಯಲ್ಲಿ ಬಟ್ಟೆ ಹೊಲಿಯುವ ಅಕ್ಕನ ನಾಯಿ. ಆಕೆಯ ಮನೆಯಲ್ಲಿ ಬೇರೆ ಜೀವವೇ ಇರಲಿಲ್ಲ. ರಕ್ತ ಪರೀಕ್ಷೆ, ಎಕ್ಸ್‌ರೇ, ಉಣ್ಣಿ ಹುಳ ಕಚ್ಚಿ ಬರುವ ಜ್ವರದ ಪರೀಕ್ಷೆ ಎಲ್ಲ ಮುಗಿದರೂ ಕಾರಣ ಸಿಕ್ಕಿರಲಿಲ್ಲ. ಮಾವ ಒಂದಾದ ಮೇಲೊಂದು ಆಂಟಿಬಯಾಟಿಕ್ ಬದಲಾಯಿಸಿದರು. ಜ್ವರ ಕ್ಯಾರೇ ಅನ್ನಲಿಲ್ಲ. ಗುಂಡ ಊಟ ಬಿಟ್ಟು, ಪಕ್ಕೆಲುಬು ಎಣಿಸುವ ಹಾಗಾಗಿದ್ದ.

"ಇನ್ನು ನೋಯಿಸ್ಬೇಡಿ ಡಾಕ್ಟ್ರೇ," ಎಂದಳು ಅಕ್ಕ ಆ ಬೆಳಿಗ್ಗೆ. "ಆಗಲ್ಲ ಅಂದ್ರೆ ಹೇಳಿಬಿಡಿ. ಸೂಜಿ ಕೊಟ್ಟು ನೆಮ್ಮದಿಯಾಗಿ ಕಳಿಸ್ಕೊಡೋಣ."

ಮಾವ ಇಲ್ಲ ಅನ್ನಲಿಲ್ಲ. ಅಷ್ಟರಲ್ಲಿ ನೆಲದ ಮೇಲಿದ್ದ ಗುಂಡ ಮಲಗಲು ಹೊರಟ. ಮುಂಗಾಲು ಚಾಚಿದ, ನಿಂತ, ಅರ್ಧ ಇಳಿದ, ಮತ್ತೆ ನಿಂತ. ಮಂಡಿನೋವಿನ ಮುದುಕರು ಕುರ್ಚಿಗೆ ಇಳಿಯುವ ಹಾಗೆ ನರಳುತ್ತಾ ಕೊನೆಗೆ ಮಲಗಿದ. ಇಷ್ಟು ದಿನ ಅವನನ್ನು ಬಾಗಿಲಿಂದಲೇ ಎತ್ತಿ ಮೇಜಿನ ಮೇಲಿಟ್ಟು ನೋಡುತ್ತಿದ್ದ ಇಬ್ಬರು ಡಾಕ್ಟರಿಗೂ ಇದು ಕಂಡೇ ಇರಲಿಲ್ಲ.

ಸೊಸೆ ನೆಲಕ್ಕೆ ಕೂತು ಅವನ ಕಾಲುಗಳನ್ನು ಒಂದೊಂದಾಗಿ ಮಡಿಸಿದಳು. ಎಲ್ಲೂ ಊತವಿಲ್ಲ. ಆದರೆ ಮಡಿಸಿದಾಗೆಲ್ಲ ಗುಂಡ ಕಾಲು ಎಳೆದುಕೊಂಡು ನೋವಿಗೆ ತುಟಿ ನೆಕ್ಕಿದ.

"ಮಾವ, ಕೀಲಿನ ನೀರು ತೆಗೆದು ನೋಡ್ತೀನಿ."

"ಕೀಲು ಊದೇ ಇಲ್ವಲ್ಲಮ್ಮ. ಸುಮ್ನೆ ಯಾಕೆ ಚುಚ್ಚೋದು?"

"ತಪ್ಪಾದ್ರೆ ನನ್ನ ತಲೆ ಮೇಲಿರ್ಲಿ."

ಗುಂಡನಿಗೆ ಮಂಪರು ಕೊಟ್ಟು, ಕೂದಲು ಬೋಳಿಸಿ, ಸೂಜಿ ಹಾಕಿದಳು. ಒಳ್ಳೆಯ ಕೀಲಿನ ನೀರು ಲೋಳೆಯಂತೆ ಎಳೆ ಬರಬೇಕು. ಇದು ನಲ್ಲಿ ನೀರಿನಂತೆ ತೊಟ್ಟಿಕ್ಕಿತು. ಮೈಕ್ರೋಸ್ಕೋಪಿನಡಿ ಕಾಲಿಡಲು ಜಾಗವಿಲ್ಲದಷ್ಟು ಬಿಳಿ ರಕ್ತಕಣಗಳು. ರೋಗಾಣು ಮಾತ್ರ ಒಂದೂ ಇಲ್ಲ. ಉಳಿದ ಕಾಲುಗಳದ್ದೂ ಅದೇ ಕತೆ.

"ಇವನ ಮೈಯೇ ಇವನ ಕೀಲುಗಳ ಮೇಲೆ ತಿರುಗಿಬಿದ್ದಿದೆ ಮಾವ. ಸ್ಟೀರಾಯ್ಡ್ ಕೊಟ್ಟು ರೋಗ ನಿರೋಧಕ ಶಕ್ತಿನ ಅಡಗಿಸ್ಬೇಕು."

"ಎಲ್ಲಾದ್ರೂ ಸೋಂಕು ಅಡಗಿದ್ರೆ ಅದೇ ಮದ್ದು ಇವನ್ನ ಕೊಲ್ಲುತ್ತೆ."

ಕೆಲವು ದಿನಗಳ ಮೇಲೆ, ಲ್ಯಾಬಿಗೆ ಕಳಿಸಿದ ಕೀಲಿನ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯಲಿಲ್ಲ ಎಂದು ಉತ್ತರ ಬಂತು. ಮಾವ ಅದಕ್ಕೂ ಅಡ್ಡಡ್ಡ ತಲೆಯಾಡಿಸಿದರು. "ಅಷ್ಟು ಆಂಟಿಬಯಾಟಿಕ್ ಕುಡಿದ ನಾಯಿ. ಬೆಳೆಯೋದಾದ್ರೂ ಹೇಗೆ?"

"ಸೋಂಕಾಗಿದ್ರೆ ಅಷ್ಟಕ್ಕೆ ಒಂಚೂರಾದ್ರೂ ಬಗ್ಗಬೇಕಿತ್ತಲ್ಲ?"

ಮಾವ ಲ್ಯಾಬಿನ ಚೀಟಿಯನ್ನು ಅವಳ ಕೈಗೇ ಕೊಟ್ಟರು. ಸೊಸೆ ಅಕ್ಕನನ್ನು ಕರೆಸಿ, ಅಪಾಯವನ್ನು ಮುಚ್ಚಿಡದೆ ಹೇಳಿದಳು. ಅಕ್ಕ ಇಬ್ಬರ ಮುಖವನ್ನೂ ನೋಡಿ, ಕೊನೆಗೆ ಸೊಸೆಯ ಕೈ ಹಿಡಿದುಕೊಂಡಳು. "ಕೊಡಮ್ಮ. ನನಗೆ ಇವನು ಬೇಕು."

ಸೊಸೆ ಸ್ಟೀರಾಯ್ಡ್ ಸೂಜಿ ಚುಚ್ಚಿದಳು.

ಮರುದಿನ ಬೀದಿಯ ಆ ತುದಿಯಿಂದಲೇ ಅಕ್ಕನ ಬೈಗುಳ ಕೇಳಿಸಿತು. "ಲೋ, ನಿಧಾನ ಕಣೋ, ನಾನು ಬಿದ್ದೋಗ್ತೀನಿ." ಗುಂಡ ಹಗ್ಗ ಜಗ್ಗಿಕೊಂಡು ಒಳಗೆ ನುಗ್ಗಿದವನೇ ಮಾವನ ಎದೆಯ ಮೇಲೆ ಮುಂಗಾಲಿಟ್ಟು ನಿಂತ. ಮಾವ ಬಿಳಿ ಕೋಟಿನ ಗತಿಯನ್ನೂ ನೋಡದೆ ಆ ಕಾಲುಗಳನ್ನು ಹಿಡಿದು ಮೆಲ್ಲಗೆ ಮಡಿಸಿದರು. ಗುಂಡ ಎಳೆದುಕೊಳ್ಳಲಿಲ್ಲ. ಮಾವ ತಾವೇ ಥರ್ಮಾಮೀಟರ್ ಇಟ್ಟು ನೋಡಿದರು, ನಂಬಿಕೆ ಬರದೆ ಇನ್ನೊಮ್ಮೆ ಇಟ್ಟರು.

"ನೀನು ಪತ್ತೆ ಹಚ್ಚಿದ ರೋಗ," ಎಂದರು ಸೊಸೆಗೆ. "ನಾನಾಗಿದ್ರೆ ಇವನ್ನ ಕಳಕೊಳ್ತಿದ್ದೆ. ನೀನೇ ಹೇಳಮ್ಮ ಅವ್ರಿಗೆ."

ಸೊಸೆ ಖುಷಿಯಿಂದ ಅಕ್ಕನ ಕಡೆ ತಿರುಗಿದಳು. "ಜ್ವರ ಬಿಟ್ಟಿದೆ ಅಕ್ಕ. ತಿಂಗಳುಗಟ್ಟಲೆ ಮಾತ್ರೆ ಕೊಡ್ಬೇಕಾಗುತ್ತೆ. ಆದ್ರೆ ಇವತ್ತು ಜ್ವರ ಇಲ್ಲ."

ಅಕ್ಕ ಇದ್ದಲ್ಲೇ ಕುಸಿದು ಕೂತು ಗುಂಡನನ್ನು ತಬ್ಬಿಕೊಂಡು ಗಳಗಳನೆ ಅತ್ತಳು. ಗುಂಡನಿಗೆ ಅಳುವಿಗೆಲ್ಲ ಪುರುಸೊತ್ತಿರಲಿಲ್ಲ. ಹಸಿವಾಗಿತ್ತು, ಅವಳ ಕೈಚೀಲಕ್ಕೆ ಮೂತಿ ತೂರಿಸಿ ಬ್ರೆಡ್ಡಿನ ಪೊಟ್ಟಣವನ್ನು ಹರಿಯುತ್ತಿದ್ದ.