ಮಧ್ಯಾಹ್ನದ ಮಟ್ಟಿಗೆ

ಬೂತಾಯಿ ಮೀನಿನ ಹೊಟ್ಟೆ ಸೀಳಿ ತೊಳೆಯುತ್ತಿದ್ದ ಸ್ವರ್ಣಲತಾ ಮೊಣಕೈಯಿಂದಲೇ ನಲ್ಲಿ ನಿಲ್ಲಿಸಿ, ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟ ಫೋನಿನತ್ತ ಬಗ್ಗಿದಳು. ಮಕ್ಕಳನ್ನು ನೋಡಿಕೊಳ್ಳಲು ಏಜೆಂಟ್ ಹುಡುಕಿಕೊಟ್ಟ ಹೆಂಗಸು ಪರದೆಯಲ್ಲಿ ಕಾಣಿಸಿಕೊಂಡು ಮಕ್ಕಳ ಪ್ರಾಯ ಕೇಳಿದಳು. ಒಬ್ಬ ಆರನೇ ಕ್ಲಾಸು, ಒಬ್ಬಳು ಎರಡನೆಯದು ಎಂದದ್ದೇ ಅವಳ ಮುಖ ಸಣ್ಣದಾಯಿತು.

"ದೊಡ್ಡ ಮಕ್ಕಳು ಮಾತು ಕೇಳುವುದಿಲ್ಲ ಮೇಡಂ," ಎಂದಳು ಹಿಂದಿಯಲ್ಲಿ. "ಕೈಕೂಸಾದರೆ ಬರುತ್ತಿದ್ದೆ."

"ಶಿ ಈಸ್ ರೈಟ್," ಎಂದ ಹಾಲ್‌ನಲ್ಲಿದ್ದ ಮಗ ಕೀರ್ತನ್. ತಂಗಿ ಅಕ್ಷಿತಾ ಕಿಸಕ್ಕನೆ ನಕ್ಕಳು.

"ನೀನು ಬಾಯಿ ಮುಚ್ಚು ಮಾರಾಯ," ಎಂದು ಸ್ವರ್ಣಲತಾ ಗದರಿಸುವಷ್ಟರಲ್ಲಿ ಕರೆ ಕಡಿದಿತ್ತು.

ಮಕ್ಕಳ ಶಾಲೆ ಮಧ್ಯಾಹ್ನಕ್ಕೇ ಬಿಡುತ್ತದೆ. ಅವಳ ಆಫೀಸು ಬಿಡುವುದು ಸಂಜೆ. ಗಂಡ ಪ್ರೇಮನಾಥನಿಗೆ ಕೆಲಸ ದೂರದ ದುಕ್ಮ್‌ನಲ್ಲಿ. ವಾರದ ರಜೆಗೆ ಮಸ್ಕತ್ತಿನ ದಾರ್ಸೈಟಿನ ಈ ಮನೆಗೆ ಬಂದು, ಶನಿವಾರ ಊಟ ಮಾಡಿ ಕಂಪೆನಿ ಬಸ್ಸು ಹತ್ತುವವನು. ಕೆಳಗಿನ ಫ್ಲಾಟಿನ ಅಜ್ಜಿ ಊರಿಗೆ ಹೋದ ಮೇಲೆ ಮಧ್ಯಾಹ್ನ ಮಕ್ಕಳಿಬ್ಬರೇ. ಕಳೆದ ವಾರ ಕೀರ್ತನ್ ಹಾಲು ಬಿಸಿಗಿಟ್ಟು ಆಟಕ್ಕೆ ಕೂತಿದ್ದ. ಹಾಲು ಉಕ್ಕಿ ಒಲೆ ನಂದಿತು. ಗ್ಯಾಸು ಮಾತ್ರ ಬರುತ್ತಲೇ ಇತ್ತು. ವಾಸನೆ ಹಿಡಿದು ಪಕ್ಕದವರು ಬಾಗಿಲು ಬಡಿದರು. ಸ್ವರ್ಣಲತಾ ಟ್ಯಾಕ್ಸಿಯಲ್ಲಿ ಓಡಿ ಬಂದಾಗ ಅಕ್ಷಿತಾ ಶಾಲೆಯ ಚೀಲ ಅಪ್ಪಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಅಂದಿನಿಂದ ಆಫೀಸಿನ ಏಸಿಯಲ್ಲಿ ಕೂತರೂ ಅವಳಿಗೆ ಅದೇ ವಾಸನೆ.

ಜನ ಸಿಕ್ಕಿರಲಿಲ್ಲ ಎಂದಲ್ಲ. ಕೃಷ್ಣ ದೇವಸ್ಥಾನದಲ್ಲಿ ಊಟವಾಗಿ ಕೈ ತೊಳೆಯುವಾಗ ಹರಿಣಾಕ್ಷಿ ತಾನಾಗಿಯೇ ಬಂದು ಕೇಳಿದ್ದಳು. ವಾದಿ ಅದಾಯ್‌ನ ಶೈಲೇಶಣ್ಣನ ಮನೆಯಲ್ಲಿ ಕೆಲಸಕ್ಕಿರುವವಳು, ಉಡುಪಿ ಕಡೆಯ ಹೆಂಗಸು.

"ನಿಮಗೆ ಜನ ಬೇಕಂತಲ್ಲ ಅಕ್ಕ, ನನ್ನನ್ನು ತೆಗೊಳ್ತೀರಾ? ಆದ್ರೆ ಮೊದಲು ಒಮ್ಮೆ ಊರಿಗೆ ಬಿಡ್ಬೇಕು. ಮಗಳಿಗೆ ದಿನ ಹತ್ತಿರ ಬಂತು, ಚೊಚ್ಚಲು. ಬಾಣಂತನ ಮುಗಿಸಿ ಬಂದು ನೀವು ಹೇಳಿದಷ್ಟು ವರ್ಷ ಇರ್ತೇನೆ."

"ಶೈಲೇಶಣ್ಣ ಬಿಡುದಿಲ್ವಾ?"

"ಬರುವ ವರ್ಷ ಹೋಗು ಅಂತಾರೆ. ಮಗು ಬರುವ ವರ್ಷದವರೆಗೆ ಕಾಯ್ತದಾ?"

ಶೈಲೇಶಣ್ಣನೇ ಅವಳ ಕಫೀಲ್, ಎಂದರೆ ಅವಳ ವೀಸಾಕ್ಕೆ ಹೊಣೆಯಾದ ಧಣಿ. ಅವರು ಒಪ್ಪಿ ಬಿಟ್ಟುಕೊಟ್ಟರೆ ಮಾತ್ರ ಇನ್ನೊಂದು ಮನೆಗೆ ಸೇರಬಹುದು. ಕೇಳಿ ಪತ್ರ ಬರೆಯುತ್ತೇನೆಂದು ಸ್ವರ್ಣಲತಾ ಮಾತು ಕೊಟ್ಟಳು; ಫೋನಿನಲ್ಲಿ ಬರೆದಳು ಕೂಡ. ಹರಿಣಾಕ್ಷಿಯನ್ನು ನಮ್ಮ ವೀಸಾಕ್ಕೆ ಬಿಟ್ಟುಕೊಡಬೇಕು, ಅವಳ ಪಾಸ್‌ಪೋರ್ಟ್ ಅವಳ ಕೈಗೆ ಕೊಡಬೇಕು, ಮೊದಲು ಅವಳು ಊರಿಗೆ ಹೋಗಿ ಬರುತ್ತಾಳೆ ಎಂದು. ಕಳಿಸುವ ಧೈರ್ಯ ಮಾತ್ರ ಬರಲಿಲ್ಲ. ಪ್ರೇಮನಾಥನಿಗೆ ಮಸ್ಕತ್ತಿನ ಮೊದಲ ವೀಸಾ ಮಾಡಿಸಿಕೊಟ್ಟವರು ಶೈಲೇಶಣ್ಣ. ವೀಸಾ ಕೊಟ್ಟವರೆಂದರೆ ಅಲ್ಲಿಯ ಊರವರಿಗೆ ಮನೆಯ ಹಿರಿಯರ ಹಾಗೆ. ಅಕ್ಷಿತಾಳಿಗೆ ಹೆಸರಿಟ್ಟದ್ದೂ ಅವರೇ.

"ಅವರ ಮನೆಯ ಜನವನ್ನೇ ಎಳೆದ್ರೆ ದೇವಸ್ಥಾನದಲ್ಲಿ ಮುಖ ತೋರಿಸ್ಲಿಕ್ಕೆ ಉಂಟಾ?" ಎಂದ ಪ್ರೇಮನಾಥ, ಇವತ್ತಿನ ಬಸ್ಸಿಗೆ ಹೊರಡಲು ಬ್ಯಾಗಿಗೆ ಅಂಗಿ ತುಂಬುತ್ತಾ. "ಮೇಲಿಂದ ಅವಳು ಊರಿಗೆ ಹೋದ್ರೆ ಅಲ್ಲಿವರೆಗೆ ಇಲ್ಲಿ ಯಾರು?"

"ನಾನು ಮಾತು ಕೊಟ್ಟಾಗಿದೆ."

"ಮಾತು ನೀನು ಕೊಟ್ಟದ್ದು. ವೀಸಾ ಅವರು ಕೊಟ್ಟದ್ದು."

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಶೈಲೇಶಣ್ಣನೇ ನಿಂತಿದ್ದರು. ಹಿಂದೆ ಪತ್ರೊಡೆಯ ಡಬ್ಬ ಹಿಡಿದ ಹರಿಣಾಕ್ಷಿ.

"ಏನು ಕೀರ್ತನ್, ಮನೆಗೆ ಬೆಂಕಿ ಕೊಡ್ಲಿಕ್ಕೆ ಹೊರಟಿದ್ಯಂತೆ?" ಎಂದು ಹುಡುಗನ ಕಿವಿ ಹಿಂಡಿ ಸೋಫಾದಲ್ಲಿ ಕೂತರು. "ನೋಡು ಸ್ವರ್ಣ, ಸುದ್ದಿ ಕೇಳಿ ನನಗೆ ನಿದ್ದೆ ಬರ್ಲಿಲ್ಲ. ಏಜೆಂಟು ಗೀಜೆಂಟು ಎಂತದ್ದೂ ಬೇಡ. ನಾಳೆಯಿಂದ ಮಧ್ಯಾಹ್ನದ ಮಟ್ಟಿಗೆ ಇವಳನ್ನು ಕಳಿಸ್ತೇನೆ. ನಮ್ಮ ಡ್ರೈವರ್ ಬಿಟ್ಟು ಹೋಗ್ತಾನೆ. ಒಂದು ಬೈಸಾ ಕೊಡ್ಬೇಡ. ಇವಳು ನಮ್ಮ ಮನೆಯ ಜನ ಅಲ್ವಾ, ಇದೂ ನಮ್ಮದೇ ಮನೆ. ಖಲಾಸ್!"

"ದೊಡ್ಡ ಉಪಕಾರ ಅಣ್ಣ," ಎಂದ ಪ್ರೇಮನಾಥ. ವಾರದಿಂದ ಗಂಟಾಗಿದ್ದ ಅವನ ಹುಬ್ಬು ಸಡಿಲವಾಯಿತು.

ಸ್ವರ್ಣಲತಾಳ ಎದೆಯೂ ಹಗುರಾಯಿತು. ಸುಳ್ಳು ಹೇಳಿ ಏನು, ಹಗುರಾಯಿತು. ಹರಿಣಾಕ್ಷಿಯ ಮುಖ ನೋಡಲು ಹೋಗದೆ ಡಬ್ಬ ತೆಗೆದುಕೊಂಡು ಅಡುಗೆಮನೆಗೆ ಬಂದಳು. ಹರಿಣಾಕ್ಷಿ ಹಿಂದೆಯೇ ಬಂದು, ಯಾರೂ ಹೇಳದೆ, ತೊಳೆದಿಟ್ಟ ಮೀನಿಗೆ ಉಪ್ಪು ಸವರತೊಡಗಿದಳು.

"ಎರಡು ಮನೆ ನನಗೆ ಕಷ್ಟ ಅಲ್ಲ ಅಕ್ಕ," ಎಂದಳು ಮೆಲ್ಲಗೆ. "ನಿಮ್ಮ ಮಕ್ಕಳನ್ನೂ ನೋಡಿಕೊಳ್ತೇನೆ. ಇವತ್ತು ಬೆಳಿಗ್ಗೆ ಮಗಳು ಫೋನು ಮಾಡಿ, ಅಮ್ಮ ಟಿಕೇಟ್ ಆಯ್ತಾ ಕೇಳಿದಳು. ಅಕ್ಕ ಪತ್ರ ಕಳಿಸಿದ್ದಾರೆ ಅಂತ ಹೇಳಿದೆ." ಇನ್ನೊಂದು ಮೀನು ಕೈಗೆತ್ತಿಕೊಂಡಳು. "ಕಳಿಸಿದ್ದೀರಲ್ಲ?"

ಸ್ವರ್ಣಲತಾ ಪತ್ರೊಡೆಯನ್ನು ತಟ್ಟೆಗೆ ಹಾಕುತ್ತಲೇ ಇದ್ದಳು.

"ಹರಿಣಾಕ್ಷೀ, ಯಲ್ಲಾ, ಹೊರಡುವ," ಎಂದು ಹಾಲ್‌ನಿಂದ ಶೈಲೇಶಣ್ಣ ಕೂಗಿದರು. ಹರಿಣಾಕ್ಷಿ ಕೈ ತೊಳೆದು, ಖಾಲಿ ಡಬ್ಬ ಎತ್ತಿಕೊಂಡು ಹೋದಳು.

ಬಾಗಿಲು ಹಾಕಿ ಬಂದ ಪ್ರೇಮನಾಥ ನಗುತ್ತಿದ್ದ. "ದೇವರ ಹಾಗೆ ಬಂದ್ರು ನೋಡು. ಇನ್ನು ಆ ಪತ್ರ ಅಳಿಸಿಬಿಡು ಮಾರಾಯ್ತಿ. ಊಟ ಹಾಕ್ತೀಯಾ?"

"ಹೂಂ," ಎಂದಳು.

ಕೈಯೊರೆಸಿಕೊಂಡು ಫೋನು ಹಿಡಿದು ಕಿಟಕಿಯ ಹತ್ತಿರ ನಿಂತಳು. ಪತ್ರ ಹಾಗೆಯೇ ಇತ್ತು, ಕೆಳಗೆ ಅವಳದೇ ಹೆಸರು. ಮತ್ತೆ ಓದಿದರೆ ತಿದ್ದಬೇಕೆನಿಸುತ್ತದೆ ಎಂದು ಓದಲಿಲ್ಲ. ಶೈಲೇಶಣ್ಣನ ಹೆಸರು ಒತ್ತಿ ಕಳಿಸಿದಳು.

ಕೆಳಗೆ ಶೈಲೇಶಣ್ಣನ ಬಿಳಿ ಕಾರು ಅಂಗಳ ದಾಟಿ ರಸ್ತೆಯ ಬಾಯಿಗೆ ಬಂದಿತ್ತು. ಹಿಂದಿನ ಸೀಟಿನಲ್ಲಿ ಹರಿಣಾಕ್ಷಿಯ ತಲೆ ಕಾಣುತ್ತಿತ್ತು. ಫೋನಿನಲ್ಲಿ ಪತ್ರ ಓದಿದ ನೀಲಿ ಗುರುತು ಮೂಡಿತು; ಕಾರಿನ ಹಿಂಬದಿಯ ಕೆಂಪು ದೀಪ ಹೊತ್ತಿಕೊಂಡಿತು. ಮುಂದಿನ ರಸ್ತೆ ಖಾಲಿಯಾಯಿತು, ಹಿಂದೆ ಬಂದ ವ್ಯಾನಿನವನು ಹಾರ್ನ್ ಹಾಕಿದ, ಇನ್ನೊಮ್ಮೆ ಹಾಕಿದ. ಕಾರು ಅಲ್ಲೇ ನಿಂತಿತ್ತು.