ಒಂಟಿ ಅಯಸ್ಕಾಂತ

"ಐದು ಗಂಟೆಗೆ ವೃಷಭೇಂದ್ರಪ್ಪನೋರು ಗಾಡಿ ನೋಡಕ್ಕೆ ಬರ್ತಾರೆ. ಅಷ್ಟರಲ್ಲಿ ಮೀಟರ್ ನಿಜ ಹೇಳಿದ್ರೆ ಗಾಡಿ ನಿಂದು. ಇಲ್ಲಾಂದ್ರೆ ಅವರ್ದು," ಎಂದು ಅಪ್ಪ ಊಟಕ್ಕೆ ಕೂತಾಗಲೇ ಹೇಳಿಬಿಟ್ಟಿದ್ದರು. ವೇಗ ತಿಳಿಯದ ಗಾಡಿಯಲ್ಲಿ ಮಗಳನ್ನು ಕಾಲೇಜಿಗೆ ಕಳಿಸುವುದಿಲ್ಲ ಎಂಬುದು ಅವರ ಹಟ.

ತಾತನ ಮೋಟಾರ್‌ಸೈಕಲ್ಲಿನ ವೇಗದ ಮುಳ್ಳು ಸೊನ್ನೆಯ ಮೇಲೆ ಮಲಗಿ ಆರು ವರ್ಷವಾಗಿತ್ತು. ಅಜ್ಜಿಯ ಕತೆಗಳಲ್ಲಿ ಏಳು ಕೆರೆ ದಾಟುವ ಗಾಳಿಗುದುರೆಯೊಂದು ಬರುತ್ತಿತ್ತು. ಅದು ತನ್ನ ಸವಾರನೊಡನೆ ಮಾತ್ರ ಮಾತಾಡುತ್ತಿತ್ತು. ನನ್ನ ಕುದುರೆ ಇವತ್ತು ಅಂಕಿಗಳಲ್ಲಿ ಮಾತಾಡಲಿತ್ತು! ಇರ್ವಿನ್ ರಸ್ತೆಯ ಸೈಕಲ್ ಅಂಗಡಿಯಿಂದ ಬೆಂಕಿಪೊಟ್ಟಣದಷ್ಟು ದೊಡ್ಡ ಡಿಜಿಟಲ್ ಮೀಟರ್ ತಂದಿದ್ದೆ.

ಮುಂದಿನ ಚಕ್ರದ ಕಡ್ಡಿಗೊಂದು ಪುಟ್ಟ ಅಯಸ್ಕಾಂತ, ಚಕ್ರ ಹಿಡಿದ ಫೋರ್ಕ್ ಕಂಬಿಗೆ ಸೆನ್ಸರ್. ಅಯಸ್ಕಾಂತ ಎದುರು ಹಾದಾಗಲೆಲ್ಲ ಮೀಟರು ಒಂದು ಸುತ್ತು ಎಂದು ಎಣಿಸಿಕೊಳ್ಳುತ್ತದೆ. ಒಂದು ಸುತ್ತಿಗೆ ಎಷ್ಟು ದೂರ ಎಂಬುದನ್ನು ಮಾತ್ರ ನಾವೇ ಹೇಳಿಕೊಡಬೇಕು.

"ಅದೇನ್ ಮಹಾ," ಎಂದು ಅಜ್ಜಿ ದೇವರ ಮನೆಯಿಂದ ವಿಭೂತಿ ಗಟ್ಟಿ ತಂದು ಟೈರಿಗೊಂದು ಬೊಟ್ಟಿಟ್ಟಳು. ಗಾಡಿ ತಳ್ಳಿದೆ. ಅಂಗಳದ ಸಿಮೆಂಟಿನ ಮೇಲೆ ಎರಡು ಬಿಳಿ ಗುರುತು ಬಿದ್ದವು. ಟೇಪು ಹಿಡಿದು ಅಳೆದೆ: ಸಾವಿರದ ಒಂಬೈನೂರ ಎಪ್ಪತ್ತೆಂಟು ಮಿಲಿಮೀಟರ್. ಅಂಕಿ ಒತ್ತಿ, ಹೆಲ್ಮೆಟ್ ತರಲು ಒಳಗೆ ಓಡಿದೆ. ಅಜ್ಜಿ ಹೂವಿನ ಬುಟ್ಟಿಯೊಂದಿಗೆ ಗಾಡಿಯ ಪಕ್ಕದಲ್ಲೇ ಉಳಿದಳು.

ಶ್ರೀರಾಂಪುರ ದಾಟಿ ರಿಂಗ್ ರಸ್ತೆಗೆ ಬಂದೆವು. ಅಪ್ಪ ಸ್ಕೂಟರಿನಲ್ಲಿ ನನ್ನ ಪಕ್ಕಕ್ಕೇ ಇದ್ದರು. ಅಂಕಿಗಳು ಹಾರತೊಡಗಿದವು. ಐವತ್ತು! ಅರವತ್ತೆಂಟು! ಎಂಬತ್ತು! ನಾಲ್ಕನೇ ಕೆರೆ ದಾಟಿದೆನೇನೋ ಅನ್ನಿಸಿತು.

"ಎಷ್ಟಮ್ಮಾ?" ಅಪ್ಪ ಕೂಗಿದರು.

"ಎಂಬತ್ತಪ್ಪಾ!"

"ನಂದು ನಲವತ್ತು ಕಣಮ್ಮ! ನಿನ್ ಕುದುರೆ ಸುಳ್ಳು ಬೊಗಳ್ತಾ ಐತೆ!"

ಮನೆಗೆ ಬಂದಾಗ ಐದಕ್ಕೆ ಇಪ್ಪತ್ತು ನಿಮಿಷ. ಒತ್ತಿದ ಅಂಕಿ ಸರಿಯಿತ್ತು. ಮತ್ತೆ ಅಳೆದೆ, ಅದೂ ಸರಿ. ಆದರೆ ಸರಿಯಾಗಿ ಎರಡರಷ್ಟು ಯಾಕೆ? ಮಂಡಿಯೂರಿ ಚಕ್ರ ತಿರುಗಿಸಿದೆ. ಮೀಟರಿನ ಪುಟ್ಟ ದೀಪ ಮಿಂಚಿತು. ಅರ್ಧ ಸುತ್ತಿಗೆ ಮತ್ತೆ ಮಿಂಚಿತು! ಎದುರು ಕಡ್ಡಿಯಲ್ಲಿ ಇನ್ನೊಂದು ಅಯಸ್ಕಾಂತ. ಕಟ್ಟಿದ್ದು ಹೂವಿನ ದಾರದಲ್ಲಿ.

"ಅಜ್ಜೀ! ಇದೇನಿದು?"

ಅಜ್ಜಿ ಮಲ್ಲಿಗೆಯಿಂದ ತಲೆಯೆತ್ತಲಿಲ್ಲ. "ಪೊಟ್ಟಣದಲ್ಲಿ ಇನ್ನೊಂದು ಉಳ್ಕೊಂಡಿತ್ತು. ಎಲೆ ಒಂಟಿ ಕೊಡ್ತೀವಾ? ಬಾಳೆಹಣ್ಣು ಒಂಟಿ ಕೊಡ್ತೀವಾ? ನೀನು ಶುಭಕಾರ್ಯಕ್ಕೆ ಒಂಟಿ ಕಟ್ಬುಟ್ಟು ಹೊಂಟಿದ್ದೆ. ಜೋಡಿ ಮಾಡ್ದೆ. ನೋಡು, ಕೂದಲೆಳೆಯಷ್ಟೂ ವಾರೆ ಇಲ್ಲ."

"ಅದಕ್ಕೇ ಅಜ್ಜಿ ಅದು ಒಂದೊಂದು ಸುತ್ತನ್ನೂ ಎರಡೆರಡು ಅಂತ ಎಣ್ಸಿದ್ದು!"

ಗಂಟು ನನ್ನ ಉಗುರಿಗೆ ಬಗ್ಗಲಿಲ್ಲ. ಅಷ್ಟರಲ್ಲಿ ಗೇಟಿನ ಬಳಿ ಬೈಕು ನಿಂತ ಸದ್ದು. ವೃಷಭೇಂದ್ರಪ್ಪನವರು ಬಂದೇಬಿಟ್ಟರು, ಹದಿನೈದು ನಿಮಿಷ ಮೊದಲೇ! ಅಜ್ಜಿ ಎದ್ದು ಬಂದು ದಾರದ ಒಂದೆಳೆ ಎಳೆದಳು. ಗಂಟು ತಾನಾಗಿ ಬಿಚ್ಚಿಕೊಂಡಿತು.

"ಇನ್ನೂ ಐದಾಗಿಲ್ಲ ಅಪ್ಪಾ, ಇನ್ನೊಂದ್ ಸಲ!" ಎಂದೆ.

ವಿಷಯ ಕೇಳಿದ ವೃಷಭೇಂದ್ರಪ್ಪನವರು ನಕ್ಕರು. "ಸ್ಕೂಟರ್ ಯಾಕೆ? ನನ್ ಗಾಡಿ ಪಕ್ಕದಲ್ಲೇ ಓಡ್ಸಮ್ಮ. ನಾನೇ ಹೇಳ್ತೀನಿ." ಅಪ್ಪ ಅವರ ಹಿಂದೆ ಹತ್ತಿ ಕೂತರು.

ಮತ್ತೆ ರಿಂಗ್ ರಸ್ತೆ. ನಾನು ಅವರ ಪಕ್ಕಕ್ಕೇ ಓಡಿಸಿದೆ.

"ನಲವತ್ತೆರಡು!" ವೃಷಭೇಂದ್ರಪ್ಪನವರು ಕೂಗಿದರು.

ನನ್ನ ಮೀಟರಿನಲ್ಲಿ ನಲವತ್ತೆರಡು.

ನನ್ನ ಕಿರುಚಾಟಕ್ಕೆ ರಸ್ತೆ ಬದಿಯ ಎಮ್ಮೆಯೊಂದು ತಿರುಗಿ ನೋಡಿತು.

"ಐವತ್ತು ಅಂದಿದ್ರೆ ಗಾಡಿ ನಂದಾಗೋದು," ಎಂದು ಅವರು ಹಲುಬಿದರು. "ಆ ಸುಳ್ಳು ಬಾಯಿಗೆ ಬರ್ಲಿಲ್ಲ ನೋಡ್ರೀ."

ಮನೆಗೆ ಬಂದಾಗ ಅಪ್ಪ ಗಾಡಿಯ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು. ಬರಿಗೈಯಲ್ಲಿ ಹೊರಟ ವೃಷಭೇಂದ್ರಪ್ಪನವರನ್ನು ಅಜ್ಜಿ ಬಾಗಿಲಲ್ಲೇ ತಡೆದು, ಬಾಳೆಹಣ್ಣು ಕೊಟ್ಟಳು. ಎರಡು.