ವಿಮಾನದ ನಾಲ್ಕನೆಯ ಷರತ್ತು

ಬಿಂದುಮಾಧವರಾಯರ ಊಟ ಮುಗಿಯಿತೆಂಬುದು ನಾಗಪುರದ ಮಹಾಲ್ ಪೇಟೆಯ ಆ ಹಳೆಯ ವಾಡೆಯಲ್ಲಿ ಕೆಳಗಿನ ಮನೆಯವರಿಗೂ ತಿಳಿಯುತ್ತಿತ್ತು. ಕೈ ತೊಳೆದು ಬಂದವರೇ ಎಲೆಯಡಿಕೆಯ ಹಿತ್ತಾಳೆ ಡಬ್ಬಿಯ ಮುಚ್ಚಳವನ್ನು ಬೆರಳಿನಿಂದ ಐದು ಸಲ ಬಡಿಯುತ್ತಿದ್ದರು. ಒಂದು ಚಿಕ್ಕದು, ಒಂದು ಉದ್ದ, ಮತ್ತೆ ಚಿಕ್ಕದು, ಉದ್ದ, ಚಿಕ್ಕದು. ತಾರು ಕಚೇರಿಯ ಲೆಕ್ಕದಲ್ಲಿ ಅದರ ಅರ್ಥ ‘ಸಂದೇಶ ಮುಗಿಯಿತು’. ಇಪ್ಪತ್ತೆರಡು ವರ್ಷ ತಾರು ಬಡಿದ ಕೈ; ಸಂಧ್ಯಾವಂದನೆ ಮುಗಿದರೂ ಐದು, ವರ್ತಮಾನಪತ್ರಿಕೆ ಮಡಚಿದರೂ ಐದು. ತಮ್ಮ ಮದುವೆಯಲ್ಲಿ ತಾಳಿ ಕಟ್ಟಿದ ಮೇಲೆ ಹಸೆಮಣೆಯ ಅಂಚಿಗೂ ಐದು ಬಿದ್ದಿದ್ದವೆಂದು ಹೆಂಡತಿ ಕೃಷ್ಣವೇಣಿಬಾಯಿ ಹೇಳುತ್ತಿದ್ದರು. ರಾಯರು ಇದನ್ನು ಒಪ್ಪುತ್ತಿರಲಿಲ್ಲ. ಸುಳ್ಳಾಡುವ ಮನುಷ್ಯರಲ್ಲ ಅವರು. ಬಡಿದದ್ದು ಅವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಸಾವಿರದ ಒಂಬೈನೂರ ಐವತ್ತನಾಲ್ಕರ ಚಳಿಗಾಲದಲ್ಲಿ ಅವರಿಗೆ ಲಂಡನ್ನಿನಿಂದ ಒಂದು ಪಾರ್ಸಲ್ ಬಂತು. ರೇಡಿಯೋದಿಂದ ನಡೆಯುವ, ಆರಡಿ ರೆಕ್ಕೆಯ ವಿಮಾನದ ಬಿಡಿಭಾಗಗಳು. ಪೆಟ್ಟಿಗೆಯ ಮೇಲೆ ಬಂದರಿನ ಯಾರೋ ಗುಮಾಸ್ತ ‘ಆಟಿಕೆ’ ಎಂದು ಬರೆದಿದ್ದ. ರಾಯರು ಆ ಶಬ್ದವನ್ನು ನೀಲಿ ಪೆನ್ಸಿಲಿನಿಂದ ಹೊಡೆದುಹಾಕಿ, ಆಮೇಲೆ ಮುಚ್ಚಳ ತೆಗೆದರು.

ಮೊದಲು ಕೈಹಾಕಿದವನು ಅಜನಿಯ ರೇಲ್ವೆ ಇಂಜಿನ್ ಶೆಡ್ಡಿನ ಫಿಟ್ಟರ್ ಗುರುಸಿದ್ದಪ್ಪ. ರಾಯರ ಊರಾದ ವಿಜಾಪುರದ ಕಡೆಯವನೇ. ನಾಗಪುರದಲ್ಲಿ ಕನ್ನಡ ಮಾತಾಡುವ ಚಪಲಕ್ಕೆ ರವಿವಾರ ತಪ್ಪದೆ ಬರುತ್ತಿದ್ದ.

“ಇದೇನ್ರಿ ರಾಯರ, ಕಟಗಿ ಅಂತೀರಿ, ಉಫ್ ಅಂದ್ರ ಹಾರಿ ಹೊಕ್ಕೈತಿ!”

“ಹಾರ್ಲಿ ಅಂತನ ತರಿಸೇನಿ.”

“ಹಂಗಲ್ರಿ. ಇದರಾಗ ದಮ್ಮಿಲ್ಲ. ಬುಡಕ್ಕೊಂದು ತಗಡು ಕೊಟ್ಟು ನಾಕು ರಿವೆಟ್ ಹೊಡದ್ರ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಜಗ್ಗೂದಿಲ್ಲ.”

“ಜಗ್ಗೂದಿಲ್ಲ, ಖರೆ. ನೆಲಾ ಬಿಟ್ಟು ಏಳೂದೂ ಇಲ್ಲ.”

ಕೃಷ್ಣವೇಣಿಬಾಯಿ ಒಂದು ಹಲಗೆಯನ್ನು ಎತ್ತಿ ನೋಡಿದರು. ಬಾಲ್ಸಾ ಎಂಬ ಆ ಮರಕ್ಕೆ ತೂಕವೇ ಇರಲಿಲ್ಲ. “ಬಾಸಿಂಗದ ಬೆಂಡು ಇದ್ದಂಗ ಅದಲ್ರೀ. ನಮ್ಮ ತೌರಮನಿ ಓಣ್ಯಾಗ ಬಾಸಿಂಗ ಮಾಡೋರ ಮುಂದ ಕೂತು ಎಷ್ಟು ಬೆಂಡು ಕೊಯ್ದೇನಿ. ಚೂರಿ ಒತ್ತಬಾರದು, ಬರೇ ಎಳೀಬೇಕು.”

ರಾಯರು ಒತ್ತಿ ಎರಡು ಪಟ್ಟಿ ಸೀಳಿದರು. ಗುರುಸಿದ್ದಪ್ಪ ಒತ್ತಿ ಮೂರನೆಯದನ್ನು ಪುಡಿಮಾಡಿದ. ಮಿಕ್ಕ ಹಲಗೆಯಿಂದ ರೆಕ್ಕೆಯ ಇಪ್ಪತ್ತಾರು ಪಕ್ಕೆಲುಬುಗಳನ್ನು ಕೊಯ್ದದ್ದು ಕೃಷ್ಣವೇಣಿಬಾಯಿ. ರೆಕ್ಕೆಗೆ ಹೊದಿಸಲು ಪಾರ್ಸಲಿನಲ್ಲಿ ಬಂದ ತೆಳುಕಾಗದವನ್ನು ದಾರಿಯಲ್ಲಿ ಇಲಿ ಕಡಿದಿತ್ತು. ಬದಲಿಗೆ ಸಂಕ್ರಾಂತಿಯ ಗಾಳಿಪಟದ ಕಾಗದವನ್ನು ಮಹಾಲಿನಲ್ಲೇ ತಂದು, ಗಂಜಿ ಹಚ್ಚಿ, ರೆಕ್ಕೆಯ ಮೇಲೆ ಸುಕ್ಕಿಲ್ಲದಂತೆ ಎಳೆದು ಕೂರಿಸಿದರು. ಆಂಗ್ಲರ ನಕ್ಷೆಯಲ್ಲಿ ಬಿಳಿಯ ವಿಮಾನ; ಇವರದು ಗುಲಾಬಿ.

ವಿಮಾನದ ಹೊಟ್ಟೆಯೊಳಗಿನ ರೇಡಿಯೋ ಮಾತ್ರ ರಾಯರ ಸ್ವಂತ ರಾಜ್ಯ. ಒಂದು ವಾಲ್ವು, ಒಂದು ಬ್ಯಾಟರಿ, ತಿರುಚಿದ ರಬ್ಬರ್ ಎಳೆಯಿಂದ ಬಾಲದ ಚುಕ್ಕಾಣಿಯನ್ನು ತಿರುಗಿಸುವ ಒಂದು ಸಣ್ಣ ಯಂತ್ರ. ನೆಲದ ಮೇಲಿನ ಪೆಟ್ಟಿಗೆಯಲ್ಲಿ ಗುಂಡಿ ಇರುವುದು ಒಂದೇ. ಮೊದಲ ಸಲ ಒತ್ತಿ ಹಿಡಿದರೆ ಎಡಕ್ಕೆ, ಬಿಟ್ಟರೆ ನೇರ. ಎರಡನೆಯ ಸಲ ಒತ್ತಿದರೆ ಬಲಕ್ಕೆ, ಬಿಟ್ಟರೆ ನೇರ. ಮೂರನೆಯದು ಮತ್ತೆ ಎಡ. ಮುಂದಿನದು ಯಾವುದೆಂದು ವಿಮಾನ ಹೇಳುವುದಿಲ್ಲ, ಹಾರಿಸುವವನೇ ಎಣಿಕೆ ಇಟ್ಟುಕೊಳ್ಳಬೇಕು.

“ಎಣಿಕಿ ತಪ್ಪಿದ್ರ?” ಎಂದು ಗುರುಸಿದ್ದಪ್ಪ ಕೇಳಿದ.

“ಇಪ್ಪತ್ತೆರಡು ವರ್ಷದಾಗ ಒಂದು ಅಕ್ಷರ ತಪ್ಪಿಲ್ಲ ಈ ಕೈ” ಎಂದರು ರಾಯರು. ಆಮೇಲೆ ಆಂಗ್ಲರ ಗುಂಡಿಯನ್ನು ಕಿತ್ತೆಸೆದರು. “ಇದನ್ನ ಒತ್ತೋದಂದ್ರ ಹಿಟ್ಟಿನ್ಯಾಗ ಬಟ್ಟು ಇಟ್ಟಂಗ.” ಗುಜರಿಯಲ್ಲಿ ಸಿಕ್ಕ ತಾರು ಬಡಿಯುವ ಹಿತ್ತಾಳೆಯ ಕೀಯೊಂದನ್ನು ಅದರ ಜಾಗದಲ್ಲಿ ಕೂರಿಸಿದರು. ಒಂದು ತಿಂಗಳು ತಿಕ್ಕಿ ತಿದ್ದಿ, ತಮ್ಮ ಕೈಯ ವೇಗಕ್ಕೆ ಚುಕ್ಕಾಣಿ ಸರಿಯಾಗಿ ಕುಣಿಯುವಂತೆ ಮಾಡಿದರು. ಪಳಗದ ಗುಂಡಿಯೇ ಇದ್ದಿದ್ದರೆ ಮುಂದಿನದೊಂದೂ ನಡೆಯುತ್ತಿರಲಿಲ್ಲ.

ರೇಡಿಯೋ ಅಲೆ ಬಿಡಲು ಸರಕಾರದ ಪರವಾನಗಿ ಬೇಕು. ಅರ್ಜಿಗೆ ಉತ್ತರವಾಗಿ ಫೆಬ್ರುವರಿಯ ಒಂದು ರವಿವಾರ ಮುಂಜಾನೆ ಘಾಟೆ ಎಂಬ ಇನ್‌ಸ್ಪೆಕ್ಟರು ಪ್ರತಾಪ ನಗರದ ಕಡೆಯ ಬಯಲಿಗೆ ಬಂದರು. ಆಗ ಅಲ್ಲಿ ಮನೆಗಳಿಗಿಂತ ಎಮ್ಮೆಗಳು ಹೆಚ್ಚು. ಘಾಟೆಯವರು ಕರಿ ಕೋಟಿನ, ಮಿತಮಾತಿನ ಮರಾಠಿ ಗೃಹಸ್ಥರು. ಹುಬ್ಬಳ್ಳಿಯಲ್ಲಿ ಕೆಲಸ ಮಾಡಿದ್ದರಿಂದ ಕನ್ನಡ ತಿಳಿಯುತ್ತಿತ್ತು. ಪರೀಕ್ಷೆಯ ನಿಯಮವನ್ನು ನಿಂತಲ್ಲೇ ಹೇಳಿದರು. ಬಯಲಿನ ಮೇಲೆ ಮೂರು ಸುತ್ತು ಬರಬೇಕು. ಸುಣ್ಣದಿಂದ ಎಳೆದ ಚೌಕದೊಳಗೆ ಇಳಿಯಬೇಕು. ಆ ಕಿತ್ತಳೆ ತೋಟದ ಬೇಲಿಯನ್ನಂತೂ ದಾಟಲೇಬಾರದು. ಅದರಾಚೆ ಸೋನೇಗಾಂವದ ವಿಮಾನ ನಿಲ್ದಾಣ.

“ದಾಟಿದರೆ?” ಎಂದರು ರಾಯರು.

“ಪೆಟ್ಟಿಗೆಗೆ ಅರಗು ಹಾಕಿ ಒಯ್ಯುತ್ತೇನೆ. ಮತ್ತೊಂದು ಅರ್ಜಿಗೆ ಅವಕಾಶವಿಲ್ಲ.”

“ದಾಟೂದಿಲ್ಲ ಬಿಡ್ರಿ” ಎಂದು ರಾಯರು ಕೋಟು ಕಳಚಿ ಹೆಂಡತಿಯ ಕೈಗೆ ಕೊಟ್ಟರು.

ಗುರುಸಿದ್ದಪ್ಪ ಇಂಜಿನ್ನಿನ ಮೂತಿಯ ಪಂಖವನ್ನು ಬೆರಳಿನಿಂದ ಹೊಡೆದ. ಮೂರನೆಯ ಹೊಡೆತಕ್ಕೆ ಅದು ಅರಚಿತು, ಹರಳೆಣ್ಣೆ ಸುಟ್ಟ ಹೊಗೆ ಎದ್ದಿತು. ಗಾಳಿಗೆ ಎದುರಾಗಿ ಹತ್ತು ಹೆಜ್ಜೆ ಓಡಿ ವಿಮಾನವನ್ನು ತೂರಿದ. ಅದು ಒಮ್ಮೆ ಮುಗ್ಗರಿಸಿದಂತೆ ಮಾಡಿ, ಮನಸ್ಸು ಬದಲಿಸಿ, ಮೇಲಕ್ಕೆದ್ದಿತು. ಎಮ್ಮೆಗಳು ತಲೆಯೆತ್ತಿದವು. ರಾಯರು ಕೀಯ ಮುಂದೆ ಮಣೆ ಹಾಕಿಕೊಂಡು ಕಚೇರಿಯಲ್ಲಿ ಕೂತಂತೆಯೇ ಕೂತಿದ್ದರು. ಟಕ್ ಎಂದು ಒತ್ತಿ ಹಿಡಿದರೆ ಗುಲಾಬಿ ರೆಕ್ಕೆ ಎಡಕ್ಕೆ ವಾಲುತ್ತಿತ್ತು. ನಡುವೆ ಬರುವ ಬಲದ ಸರದಿಯನ್ನು ಮುಟ್ಟಿ ಬಿಟ್ಟಂತೆ ಕಳೆದು, ಮತ್ತೆ ಎಡ. ಒಂದು ಸುತ್ತು. ಎರಡು. ಘಾಟೆಯವರ ಕಣ್ಣು ಆಕಾಶದಲ್ಲಿರದೆ ರಾಯರ ಮಣಿಕಟ್ಟಿನ ಮೇಲಿತ್ತು. ಮೂರು.

“ಶಾಬಾಸ್!” ಎಂದು ಗುರುಸಿದ್ದಪ್ಪ ಕೂಗಿದ. “ರೇಲ್ವೇದಾಗಿದ್ರ ನಿಮಗ ಮೇಲ್ ಗಾಡೀನ ಕೊಡ್ತಿದ್ರು!”

ರಾಯರು ಉಸಿರುಬಿಟ್ಟರು. ಮೇಲೆ ವಿಮಾನ ಬಾಲ ಅಲ್ಲಾಡಿಸಿದಂತಾಯಿತು; ಗಾಳಿ ಇರಬೇಕೆಂದುಕೊಂಡರು. ಇನ್ನು ಎಡಕ್ಕೆ ತಿರುಗಿಸಿ ಚೌಕಕ್ಕೆ ತಂದರೆ ಆಯಿತು. ಎಡವನ್ನು ಒತ್ತಿ ಹಿಡಿದರು.

ವಿಮಾನ ಬಲಕ್ಕೆ ತಿರುಗಿತು.

ಬಿಟ್ಟರು, ನಡುವಿನದನ್ನು ಕಳೆದು ಮತ್ತೆ ಎಡ ಹಿಡಿದರು. ಇನ್ನೂ ಬಲಕ್ಕೆ. ಮೂತಿ ನೇರವಾಗಿ ಕಿತ್ತಳೆ ತೋಟದ ಕಡೆ.

“ವಾಲ್ವು ಕೈ ಕೊಡ್ತು” ಎಂದರು ರಾಯರು.

“ವಾಲ್ವಿಗೇನೂ ಆಗಿಲ್ರೀ” ಎಂದರು ಕೃಷ್ಣವೇಣಿಬಾಯಿ. “ಬಲ ಹಿಡೀರಿ.”

“ಬಲ ಹಿಡದ್ರ ಸೋನೇಗಾಂವಕ್ಕ ಹೋಗಿ ಇಳೀತದ! ಸುಮ್ಮನಿರು.”

“ನೀವು ಬಲ ಅನ್ನೋದು ಈಗ ಎಡ ಆಗೇದ. ಮೂರು ಸುತ್ತು ಮುಗದ ಕೂಡ್ಲೆ ಐದು ಬಡದ್ರಿ. ನಾ ಕೇಳಿದೆ.”

“ಯಾವ ಐದು?”

“ಡಬ್ಬಿ ಮ್ಯಾಲೆ ಬಡೀತೀರಲ್ಲ, ಆ ಐದು. ಎರಡಾಗಿದ್ರ ನಡೀತಿತ್ತು, ನಾಕಾಗಿದ್ರೂ ನಡೀತಿತ್ತು. ಐದಂದ್ರ ಎಲ್ಲಾ ಉಲ್ಟಾ.”

“ನನ್ನ ಕೈ ನನಗ ಗೊತ್ತಿಲ್ಲೇನು?”

“ಇಲ್ಲ” ಎಂದರು ಕೃಷ್ಣವೇಣಿಬಾಯಿ. “ಹದಿನೆಂಟು ವರ್ಷ ಆತು, ಇನ್ನೂ ಗೊತ್ತಿಲ್ಲ.”

ಬೇಲಿಗೆ ಐವತ್ತು ಗಜ ಉಳಿದಿತ್ತು. ಘಾಟೆಯವರು ಕೈಚೀಲದ ಬಾಯಿ ಬಿಚ್ಚಿದರು. ಒಳಗೆ ಅರಗಿನ ಕೆಂಪು ಕಡ್ಡಿ ಕಂಡಿತು. ರಾಯರ ಕೈ ಒಂದು ಕಡೆ, ಹೆಂಡತಿಯ ಕಿವಿ ಒಂದು ಕಡೆ. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಇಂಥ ಪ್ರಶ್ನೆ ರಾಯರಿಗೆ ಬಂದಿರಲಿಲ್ಲ. ಕಣ್ಣು ಮುಚ್ಚಿ, ತಾವು ಬಲವೆಂದು ನಂಬಿದ್ದನ್ನು ಒತ್ತಿ ಹಿಡಿದರು.

ಗುಲಾಬಿ ರೆಕ್ಕೆ ಎಡಕ್ಕೆ ವಾಲಿತು. ವಿಮಾನ ಬೇಲಿಯ ಮೊದಲೇ ಬಾಗಿ, ದೊಡ್ಡದೊಂದು ಅರ್ಧಚಂದ್ರ ಬರೆದು ಬಯಲಿಗೆ ಮುಖಮಾಡಿತು.

“ದಾಟಿಲ್ರಿ ಸಾಹೇಬ್ರ!” ಎಂದು ವಿಮಾನದ ಹಿಂದೆ ಬೇಲಿಯವರೆಗೆ ಓಡಿದ್ದ ಗುರುಸಿದ್ದಪ್ಪ ಅಲ್ಲಿಂದಲೇ ಕೂಗುತ್ತ ಬಂದ. “ನೆರಳು ದಾಟೈತಿ, ವಿಮಾನ ದಾಟಿಲ್ಲ. ನೆರಳಿಗೆ ಕಾಯ್ದೆ ಇಲ್ಲ!”

ಅಷ್ಟರಲ್ಲಿ ಎಣ್ಣೆ ತೀರಿ ಇಂಜಿನ್ ನಿಂತಿತು. ಆಮೇಲಿನ ಮೌನದಲ್ಲಿ ಕೃಷ್ಣವೇಣಿಬಾಯಿಯ ಧ್ವನಿಯೊಂದೇ. “ಈಗ ಬಲ... ಬಿಡ್ರಿ. ಎಡ, ಸ್ವಲ್ಪ... ಸಾಕು. ಬಲ. ಬಿಟ್ಟುಬಿಡ್ರಿ, ಇನ್ನ ಅದಕ್ಕ ದಾರಿ ಗೊತ್ತದ.” ವಿಮಾನ ಸುಣ್ಣದ ಗೆರೆಯೊಳಗೆ, ಒಂದು ಸಗಣಿಗುಪ್ಪೆಯನ್ನು ಗೌರವದಿಂದ ತಪ್ಪಿಸಿ, ಹುಲ್ಲಿನ ಮೇಲೆ ಜಾರಿ ನಿಂತಿತು.

ಘಾಟೆಯವರು ಕೈಚೀಲದಿಂದ ಅರಗಿನ ಬದಲು ಪರವಾನಗಿಯ ಹಾಳೆ ತೆಗೆದು, ಮಡಿಲ ಮೇಲಿಟ್ಟುಕೊಂಡು ಬಹಳ ಹೊತ್ತು ಬರೆದರು. ರಾಯರು ಅದನ್ನು ಗಟ್ಟಿಯಾಗಿ ಓದಿದರು. ಒಂದು, ಈ ಬಯಲಿನಲ್ಲಿ ಮಾತ್ರ. ಎರಡು, ಬೆಳಗಿನ ಹೊತ್ತು ಮಾತ್ರ. ಮೂರು, ನಿಜವಾದ ವಿಮಾನ ಕಂಡರೆ ಇಳಿಸತಕ್ಕದ್ದು. ನಾಲ್ಕಕ್ಕೆ ಬಂದಾಗ ಧ್ವನಿ ತಗ್ಗಿತು: ‘ಹಾರಾಟದ ಕಾಲದಲ್ಲಿ ಅರ್ಜಿದಾರರ ಪತ್ನಿಯವರು ಸ್ಥಳದಲ್ಲಿ ಹಾಜರಿರತಕ್ಕದ್ದು.’

“ಇದೇನ್ ಸಾಹೇಬ್ರ? ನನ್ನ ಕೈ ಮ್ಯಾಲೆ ಸಂಶಯಾ ಏನು?”

“ಕೈಯ ಮೇಲೆ ಎಳ್ಳಷ್ಟೂ ಇಲ್ಲ. ನಾನೂ ಹನ್ನೊಂದು ವರ್ಷ ತಾರು ಬಡಿದವನೇ” ಎಂದರು ಘಾಟೆ. “ಅದಕ್ಕೇ ಬರೆದೆ.”

“ಪ್ರತಿ ರವಿವಾರ ಬಿಸಲಾಗ ಹಾಜರಿ ಹಾಕೂದಂದ್ರ ಸುಮ್ಮನ ಅಲ್ಲ” ಎಂದರು ಕೃಷ್ಣವೇಣಿಬಾಯಿ, ಕೋಟನ್ನು ಗಂಡನ ತೋಳಿಗೆ ಹಾಕುತ್ತ. “ನಂದೂ ಒಂದು ಷರತ್ತು. ಒಂದು ರವಿವಾರ ನೀವು, ಒಂದು ರವಿವಾರ ಕೀ ಮುಂದ ನಾನು.”

ರಾಯರು ಗುರುಸಿದ್ದಪ್ಪನನ್ನು ನೋಡಿದರು. ಅವನು ಆಕಾಶ ನೋಡುತ್ತಿದ್ದ. ಘಾಟೆಯವರು ಪೆನ್ನಿನ ಟೊಪ್ಪಿಗೆ ಹಾಕುತ್ತಿದ್ದರು.

“ಆತು” ಎಂದರು ರಾಯರು. “ಕಬೂಲ್.”

ಮಣೆಯಿಂದ ಏಳುವ ಮುನ್ನ ಅವರ ಬೆರಳು ಕೀಯ ಮೇಲೆಯೇ ಇತ್ತು. ಪೆಟ್ಟಿಗೆಯನ್ನು ಆರಿಸುವುದು ಯಾರಿಗೂ ನೆನಪಾಗಿರಲಿಲ್ಲ. ಅಲ್ಲಿ ಹುಲ್ಲಿನಲ್ಲಿ ಸುಮ್ಮನೆ ಕೂತಿದ್ದ ಗುಲಾಬಿ ವಿಮಾನದ ಬಾಲ ಎಡಕ್ಕೆ ಚೂರು ಹೊರಳಿತು, ಬಲಕ್ಕೆ ತುಸು ಹೆಚ್ಚು ಹೊತ್ತು, ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಆಮೇಲೆ ನೇರ ನಿಂತಿತು.

“ನೋಡ್ರಿ” ಎಂದರು ಕೃಷ್ಣವೇಣಿಬಾಯಿ.

“ಏನು?” ಎಂದರು ರಾಯರು.